ಹಳೆಯ ಕಾರು ನೋಡಲು ಹೋಗುವಾಗ ಎಂಜಿನ್ ತಣ್ಣಗಿರಲಿ

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೊರಡುವ ಮೊದಲು ಮಾರುವವರಿಗೆ ಫೋನ್ ಮಾಡಿ ಒಂದು ಮಾತು ಹೇಳಿಬಿಡಿ: "ನಾನು ಬರುವ ತನಕ ಗಾಡಿ ಸ್ಟಾರ್ಟ್ ಮಾಡಬೇಡಿ." ಬಣ್ಣ, ಮೈಲೇಜು, ಮ್ಯೂಸಿಕ್ ಸಿಸ್ಟಮ್ ಎಲ್ಲ ಆಮೇಲೆ. ರಾತ್ರಿಯಿಡೀ ನಿಂತು ತಣ್ಣಗಾದ ಎಂಜಿನ್ ಏನನ್ನೂ ಮುಚ್ಚಿಡುವುದಿಲ್ಲ. ಒಂದು ಸಲ ಬಿಸಿಯಾಯಿತು ಅಂದರೆ ಲೋಹ ಹಿಗ್ಗುತ್ತದೆ, ಆಯಿಲ್ ಎಲ್ಲ ಕಡೆ ಹರಡುತ್ತದೆ, ಸವೆದ ಪಿಸ್ಟನ್ನಿನ ಸದ್ದು ಅಡಗುತ್ತದೆ, ಸುಸ್ತಾದ ಬ್ಯಾಟರಿ ಕೂಡ ಚುರುಕಾಗಿ ತಿರುಗಿಸುತ್ತದೆ. ಅರ್ಧ ಗಂಟೆ ಓಡಿಸಿ ತಂದು ನಿಲ್ಲಿಸಿದ ಕಾರು ಯಾರಿಗಾದರೂ ಇಷ್ಟವಾಗುತ್ತದೆ. ಅದನ್ನು ನೋಡಿ ತೀರ್ಮಾನ ಮಾಡಬಾರದು.

ನಾನು ಇಟ್ಟುಕೊಂಡ ಕಾರುಗಳೆಲ್ಲ ಇನ್ನೊಬ್ಬರ ಕೈಯಿಂದ ಬಂದವು. ಮೊದಲು ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಹಳೆಯ ಸಾಧನ) ಇದ್ದ ಪುಟ್ಟ ಹ್ಯಾಚ್‌ಬ್ಯಾಕ್. ಆಮೇಲೆ ಫೋಕ್ಸ್‌ವ್ಯಾಗನ್ ಬೀಟಲ್, ಒಂದು ಟರ್ಬೊ ಡೀಸೆಲ್ ಸೆಡಾನ್, ಎರಡೇ ಸೀಟಿನ, ಮೇಲ್ಛಾವಣಿ ತೆಗೆಯುವ ಮಜ್ದಾ ಎಮ್‌ಎಕ್ಸ್-5. ಈಗ ಮನೆಯಲ್ಲಿರುವುದು ಒಂದು ಎಲೆಕ್ಟ್ರಿಕ್. ಒಂದಕ್ಕೊಂದು ಸಂಬಂಧವೇ ಇಲ್ಲದ ಗಾಡಿಗಳು. ಆದರೆ ಒಂದನ್ನು ಇಟ್ಟುಕೊಂಡಾಗ ಕಲಿತದ್ದು ಮುಂದಿನದನ್ನು ಕೊಳ್ಳುವಾಗ ಕೆಲಸಕ್ಕೆ ಬಂತು. ಆ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕೀ ತಿರುಗಿಸುವ ಮೊದಲು

ಹೋದ ಕೂಡಲೇ ಬಾನೆಟ್ ತೆಗೆಸಿ ರೇಡಿಯೇಟರಿಗೆ ಹೋಗುವ ಮೇಲಿನ ಹೋಸ್ ಮುಟ್ಟಿ ನೋಡಿ. ಡೀಸೆಲ್ ಸೆಡಾನ್ ಕೊಳ್ಳುವ ಮುಂಚೆ ನಾನು ನೋಡಿದ ಇನ್ನೊಂದು ಕಾರು ನೆನಪಿದೆ. ಮಾರುವವರು ಬಹಳ ಒಳ್ಳೆಯ ಮಾತುಗಾರರು. "ನಿನ್ನೆಯಿಂದ ಮುಟ್ಟೇ ಇಲ್ಲ ಸರ್" ಅನ್ನುತ್ತಿದ್ದರು. ಹೋಸ್ ಮೇಲೆ ಕೈ ಇಟ್ಟೆ, ಬೆಚ್ಚಗಿತ್ತು. ಒತ್ತಿದರೆ ಒಳಗೆ ಒತ್ತಡವೂ ಇತ್ತು. ಬಾನೆಟ್ಟಿನ ಒಳಮೈಯಿಂದ ಬಿಸಿ ಗಾಳಿ ಮುಖಕ್ಕೆ ಬಡಿಯುತ್ತಿತ್ತು. "ನಾಳೆ ಬೆಳಿಗ್ಗೆ ಬರ್ತೀನಿ, ಹೀಗೇ ಬಿಟ್ಟಿರಿ" ಎಂದು ಹೇಳಿ ಬಂದೆ. ಮರುದಿನ ಅದೇ ಗಾಡಿ ಸ್ಟಾರ್ಟ್ ಆಗಲು ಬಹಳ ಹೊತ್ತು ತೆಗೆದುಕೊಂಡಿತು. ಹೊತ್ತಿಕೊಂಡ ಮೇಲೂ ಒಂದು ಸಿಲಿಂಡರ್ ಉರಿಯದೆ ಗಾಡಿಯೆಲ್ಲ ನಡುಗುತ್ತಿತ್ತು. ಗ್ಲೋ ಪ್ಲಗ್ (ತಣ್ಣಗಿನ ಡೀಸೆಲ್ ಎಂಜಿನ್ ಹೊತ್ತಿಕೊಳ್ಳಲು ಒಳಗೆ ಬಿಸಿ ಕೊಡುವ ಪ್ಲಗ್) ಹೋಗಿರಬಹುದು, ಕಂಪ್ರೆಷನ್ ಇಳಿದಿರಬಹುದು, ಇಂಜೆಕ್ಟರ್ ಇರಬಹುದು. ಯಾವುದೇ ಇರಲಿ, ಬಿಸಿ ಎಂಜಿನ್‌ನಲ್ಲಿ ಅದು ಕಾಣುತ್ತಲೇ ಇರಲಿಲ್ಲ.

ಹೋಸ್ ತಣ್ಣಗಿದ್ದರೆ ಕೂಲೆಂಟ್ ಮುಚ್ಚಳ ತೆಗೆದು ನೋಡಿ. ಬಿಸಿ ಇದ್ದಾಗ ಮಾತ್ರ ಯಾವತ್ತೂ ತೆಗೆಯಬೇಡಿ. ಒತ್ತಡದಲ್ಲಿರುವ ಕೂಲೆಂಟ್ 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ಸಡಿಲಿಸಿದ ಕ್ಷಣ ಕುದಿದು ಮೇಲಕ್ಕೆ ಹಾರುತ್ತದೆ. ಒಳಗಿನ ಕೂಲೆಂಟ್ ಹಸಿರೋ ಗುಲಾಬಿಯೋ ನೀಲಿಯೋ ಇರಲಿ, ತಿಳಿಯಾಗಿರಬೇಕು. ತುಕ್ಕು ಬಣ್ಣದ ನೀರಿದ್ದರೆ ಕೂಲೆಂಟ್ ಹಾಕುವ ಬದಲು ಬರೀ ನೀರು ತುಂಬಿಸಿಕೊಂಡು ಓಡಿಸಿದ್ದಾರೆ ಅಂತ ಅರ್ಥ. ಮೇಲೆ ಎಣ್ಣೆಯ ಪದರ ತೇಲುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ ಮತ್ತು ಕೆಳಗಿನ ಬ್ಲಾಕ್ ನಡುವಿನ ಸೀಲು) ಅಥವಾ ಆಯಿಲ್ ಕೂಲರ್ ಕೆಟ್ಟಿರುವ ಸಾಧ್ಯತೆ ಜಾಸ್ತಿ. ಅಲ್ಲಿಂದ ನಮಸ್ಕಾರ ಹೇಳಿ ಹೊರಡಬಹುದು.

ಆಯಿಲ್ ತುಂಬುವ ಮುಚ್ಚಳವನ್ನೂ ತಿರುಗಿಸಿ ಒಳಬದಿ ನೋಡಿ. ಕೆನೆ ಬಣ್ಣದ ನೊರೆ ಕಂಡರೆ ಆಯಿಲ್‌ಗೆ ನೀರು ಸೇರುತ್ತಿದೆ. ಆದರೆ ತಕ್ಷಣ ಗಾಬರಿಯಾಗಬೇಡಿ. ದಿನಾ ಒಂದೆರಡು ಕಿಲೋಮೀಟರ್ ಮಾತ್ರ ಓಡುವ ಗಾಡಿಯಲ್ಲಿ ಎಂಜಿನ್ ಪೂರ್ತಿ ಬಿಸಿಯಾಗದೆ ಒಳಗಿನ ತೇವ ಹಾಗೇ ಉಳಿದು ಸ್ವಲ್ಪ ನೊರೆ ಕಟ್ಟುವುದುಂಟು. ಡಿಪ್‌ಸ್ಟಿಕ್ ಮೇಲೂ ಅದೇ ಕೆನೆ ಬಣ್ಣ ಇದ್ದರೆ, ಕೂಲೆಂಟೂ ಕಡಿಮೆಯಾಗಿದ್ದರೆ ಮಾತ್ರ ಅದು ಹೆಡ್ ಗ್ಯಾಸ್ಕೆಟ್ ವಿಷಯ. ಡೀಸೆಲ್ ಕಾರಿನ ಆಯಿಲ್ ಕಪ್ಪಗಿದೆ ಎಂದು ಬೇಡ ಅನ್ನಬೇಡಿ. ಬದಲಿಸಿದ ಸ್ವಲ್ಪ ದಿನದಲ್ಲೇ ಅದು ಮಸಿ ಹಿಡಿದು ಕಪ್ಪಾಗುತ್ತದೆ, ಅದು ಸಹಜ.

ಸ್ಟಾರ್ಟ್ ಮಾಡುವಾಗ

ಈಗ ಕೀ ಪೂರ್ತಿ ತಿರುಗಿಸದೆ ಅರ್ಧಕ್ಕೆ ನಿಲ್ಲಿಸಿ. ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪಗಳೆಲ್ಲ ಹತ್ತಬೇಕು. ಚೆಕ್ ಎಂಜಿನ್, ಏರ್‌ಬ್ಯಾಗ್, ಎಬಿಎಸ್, ಆಯಿಲ್, ಬ್ಯಾಟರಿ, ಒಂದೊಂದಾಗಿ ಹೆಸರು ಹೇಳಿಕೊಂಡು ನೋಡಿ. ಯಾವುದಾದರೂ ಒಂದು ಹತ್ತಲೇ ಇಲ್ಲ ಅಂದರೆ ಆ ದೀಪವನ್ನು ಬೇಕೆಂದೇ ಕಿತ್ತಿರಬಹುದು. ಎಂಜಿನ್ ಹೊತ್ತಿಕೊಂಡ ಮೇಲೆ ಅವೆಲ್ಲ ಆರಬೇಕು. ಹತ್ತದ ದೀಪ, ಆರದ ದೀಪ, ಎರಡೂ ಕೆಟ್ಟವೇ. ನನಗೆ ಹತ್ತದ ದೀಪದ ಮೇಲೆ ಸಂಶಯ ಜಾಸ್ತಿ. ಆರದ ದೀಪ ಕೊನೆಪಕ್ಷ ನಿಜ ಹೇಳುತ್ತಿರುತ್ತದೆ.

ಸ್ಟಾರ್ಟ್ ಆಗುವ ಮೊದಲ ಹತ್ತು ಸೆಕೆಂಡ್ ನೀವು ಕಾರಿನ ಹಿಂದೆ ಇರಬೇಕು. ಒಬ್ಬರು ಜೊತೆಗಿದ್ದರೆ ಒಳ್ಳೆಯದು, ಅವರು ಕೀ ತಿರುಗಿಸಲಿ. ಸೈಲೆನ್ಸರಿನಿಂದ ಬರುವ ಹೊಗೆಯ ಬಣ್ಣ ನೋಡಿ. ಚಳಿಯಲ್ಲಿ ತೆಳ್ಳಗೆ ಬಿಳಿ ಆವಿ ಬಂದು ಮಾಯವಾದರೆ ಅದು ಬರೀ ನೀರಿನ ಹಬೆ. ಎಂಜಿನ್ ಬಿಸಿಯಾದ ಮೇಲೂ ದಪ್ಪ ಬಿಳಿ ಹೊಗೆ ನಿಲ್ಲದೆ, ಸಿಹಿ ವಾಸನೆ ಬಂದರೆ ಕೂಲೆಂಟ್ ಉರಿಯುತ್ತಿದೆ. ನೀಲಿ ಹೊಗೆ ಅಂದರೆ ಆಯಿಲ್. ಅದರಲ್ಲೂ ಯಾವಾಗ ಬರುತ್ತದೆ ಅನ್ನುವುದು ಮುಖ್ಯ. ರಾತ್ರಿ ನಿಂತ ಗಾಡಿ ಸ್ಟಾರ್ಟ್ ಆದಾಗ ಒಂದು ಸಲ ನೀಲಿ ಹೊಗೆ ಹೊಮ್ಮಿ ನಿಂತರೆ ವಾಲ್ವ್ ಸೀಲ್ ಹಳೆಯದಾಗಿ ಗಟ್ಟಿಯಾಗಿ ಸರಿಯಾಗಿ ಮುಚ್ಚುತ್ತಿಲ್ಲ. ರಾತ್ರಿಯಿಡೀ ಆಯಿಲ್ ಹನಿಹನಿಯಾಗಿ ಒಳಗೆ ಇಳಿದಿದೆ. ಅದನ್ನು ಸರಿಮಾಡಿಸಬಹುದು. ಓಡಿಸುವಾಗ, ಆಕ್ಸಿಲರೇಟರ್ ಒತ್ತಿದಾಗೆಲ್ಲ ನೀಲಿ ಹೊಗೆ ಬಂದರೆ ಪಿಸ್ಟನ್ ರಿಂಗ್ ಸವೆದಿದೆ. ಅಂದರೆ ಎಂಜಿನ್ ಬಿಚ್ಚಬೇಕು. ಕಪ್ಪು ಹೊಗೆ ಇಂಧನ ಜಾಸ್ತಿ ಆಗಿರುವ ಗುರುತು.

ಸದ್ದು ಕೇಳುವುದು ಅಭ್ಯಾಸದಿಂದ ಬರುತ್ತದೆ. ಸ್ಟಾರ್ಟ್ ಆದ ಕೂಡಲೇ ಟಿಕ್ ಟಿಕ್ ಎನ್ನುವ ಟ್ಯಾಪೆಟ್ ಸದ್ದು ಒಂದೆರಡು ಸೆಕೆಂಡಿನಲ್ಲಿ ನಿಂತರೆ ತೊಂದರೆ ಇಲ್ಲ, ಆಯಿಲ್ ಮೇಲೆ ಹತ್ತುವ ತನಕ ಅದು ಬರುತ್ತದೆ. ಎಂಜಿನ್ನಿನ ಒಂದು ಬದಿಯಿಂದ ಸರಪಳಿ ಅಲುಗಾಡಿಸಿದ ಹಾಗೆ ಗಲಗಲ ಸದ್ದು ಬಂದರೆ ವಾಲ್ವ್‌ಗಳನ್ನು ಓಡಿಸುವ ಟೈಮಿಂಗ್ ಚೈನ್ ಜೋತಿದೆ ಅಥವಾ ಅದರ ಟೆನ್ಷನರ್ ಸುಸ್ತಾಗಿದೆ. ಎಲ್ಲಕ್ಕಿಂತ ಕೆಟ್ಟದ್ದು ಕೆಳಗಿನಿಂದ ಬರುವ ದಪ್ಪ ಸದ್ದು, ಡಬ್ ಡಬ್ ಅಂತ. ಆಕ್ಸಿಲರೇಟರ್ ಕೊಟ್ಟಾಗ ಅದು ಇನ್ನೂ ಜೋರಾದರೆ ಬೇರಿಂಗ್ ಹೋಗಿದೆ. ಬಾನೆಟ್ ಮುಚ್ಚಿ ಹೊರಡಿ.

ಬೀಟಲ್ ನನಗೆ ಹೀಗೆ ಕೇಳುವುದನ್ನು ಕಲಿಸಿತು. ಆ ಕಾರಿನಲ್ಲಿ ನೀರೇ ಇಲ್ಲ, ರೇಡಿಯೇಟರ್ ಇಲ್ಲ. ಎಂಜಿನ್ ಹಿಂದೆ, ಅದನ್ನು ತಣ್ಣಗಿಡುವುದು ಗಾಳಿ. ಆ ಗಾಳಿ ಊದುವ ಫ್ಯಾನ್ ಡೈನಮೋದ ಶಾಫ್ಟಿನ ಇನ್ನೊಂದು ತುದಿಯಲ್ಲಿ ಕೂತಿದೆ. ಎರಡನ್ನೂ ತಿರುಗಿಸುವುದು ಒಂದೇ ಬೆಲ್ಟ್. ಹಾಗಾಗಿ ಡ್ಯಾಶ್‌ಬೋರ್ಡಿನಲ್ಲಿ ಚಾರ್ಜಿಂಗಿನ ಕೆಂಪು ದೀಪ ಹತ್ತಿತು ಅಂದರೆ ಬರೀ ಬ್ಯಾಟರಿ ವಿಷಯ ಅಂದುಕೊಳ್ಳುವಂತಿಲ್ಲ. ಬೆಲ್ಟ್ ತುಂಡಾಗಿದ್ದರೆ ಗಾಳಿಯೂ ನಿಂತಿರುತ್ತದೆ. ಆ ಕ್ಷಣವೇ ಪಕ್ಕಕ್ಕೆ ತೆಗೆದು ಆಫ್ ಮಾಡಬೇಕು. ಬೆಲ್ಟ್ ಬಿಗಿ ಮಾಡುವ ಕ್ರಮವಂತೂ ನನಗೆ ಬಹಳ ಇಷ್ಟ. ಡೈನಮೋದ ಪುಲ್ಲಿ ಎರಡು ಹೋಳು. ಹೋಳುಗಳ ನಡುವೆ ತೆಳ್ಳನೆಯ ಬಳೆಗಳಂತಹ ಶಿಮ್‌ಗಳು. ಪುಲ್ಲಿಯ ಕಚ್ಚಿಗೆ ಸ್ಕ್ರೂಡ್ರೈವರ್ ಕೊಟ್ಟು ತಿರುಗದಂತೆ ಹಿಡಿದು 21 ಮಿಲಿಮೀಟರ್ ನಟ್ ಬಿಚ್ಚಬೇಕು. ನಡುವಿನಿಂದ ಒಂದು ಶಿಮ್ ತೆಗೆದರೆ ಹೋಳುಗಳು ಹತ್ತಿರ ಬಂದು ಬೆಲ್ಟ್ ಮೇಲಕ್ಕೆ ಏರಿ ಬಿಗಿಯಾಗುತ್ತದೆ. ತೆಗೆದ ಶಿಮ್ಮನ್ನು ಎಲ್ಲೋ ಇಡುವ ಹಾಗಿಲ್ಲ, ಪುಲ್ಲಿಯ ಹೊರಗೆ ನಟ್ಟಿನ ಕೆಳಗೇ ಹಾಕಬೇಕು. ಹೊಸ ಬೆಲ್ಟ್ ಹಾಕುವ ದಿನ ಅದು ಮತ್ತೆ ಬೇಕಾಗುತ್ತದೆ. ಬಿಡಿಭಾಗ ಕಳೆಯದಂತೆ ಗಾಡಿಯಲ್ಲೇ ಜಾಗ ಮಾಡಿಕೊಟ್ಟ ಎಂಜಿನಿಯರ್‌ಗಳ ಮೇಲೆ ನನಗೆ ಇವತ್ತಿಗೂ ಗೌರವ. ಆ ಕಾರು 2003ರ ತನಕ ತಯಾರಾಗುತ್ತಿತ್ತು, ಒಟ್ಟು 2 ಕೋಟಿ 10 ಲಕ್ಷಕ್ಕೂ ಹೆಚ್ಚು. ಸುಮ್ನೆ ಅಲ್ಲ.

ಓಡಿಸಿ ನೋಡುವುದು

ಟೆಸ್ಟ್ ಡ್ರೈವ್ ಅಂದರೆ ದೊಡ್ಡ ರಸ್ತೆಯಲ್ಲಿ ಜೋರಾಗಿ ಒಂದು ಸುತ್ತು ಅಂದುಕೊಂಡವರೇ ಜಾಸ್ತಿ. ನನ್ನ ಪ್ರಕಾರ ಮುಕ್ಕಾಲು ವಿಷಯ ನಿಧಾನವಾಗಿ ಹೋಗುವಾಗಲೇ ತಿಳಿಯುತ್ತದೆ. ಹಾಡು ನಿಲ್ಲಿಸಿ. ಎಸಿ ಆಫ್ ಮಾಡಿ. ಕಿಟಕಿ ಇಳಿಸಿ. ಮಾರುವವರು ಮಾತಾಡುತ್ತಲೇ ಇದ್ದರೆ ಸ್ವಲ್ಪ ಹೊತ್ತು ಸುಮ್ಮನಿರಲು ವಿನಯದಿಂದಲೇ ಹೇಳಿ.

ಖಾಲಿ ಜಾಗದಲ್ಲಿ ಸ್ಟೀರಿಂಗ್ ಪೂರ್ತಿ ಒಂದು ಬದಿಗೆ ತಿರುಗಿಸಿ ನಿಧಾನವಾಗಿ ಸುತ್ತು ಹೊಡೆಯಿರಿ. ಆಮೇಲೆ ಇನ್ನೊಂದು ಬದಿಗೆ. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಟಕ್ ಟಕ್ ಟಕ್ ಅಂತ ಬಂದರೆ ಹೊರಬದಿಯ ಸಿವಿ ಜಾಯಿಂಟ್ (ಎಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ತಲುಪಿಸುವ ಕೀಲು) ಸವೆದಿದೆ. ಅದರ ರಬ್ಬರ್ ಬೂಟ್ ಹರಿದು ಗ್ರೀಸ್ ಹೋಗಿ ಮಣ್ಣು ಸೇರಿರುತ್ತದೆ. ಸಣ್ಣ ಹಳ್ಳ ಉಬ್ಬುಗಳ ಮೇಲೆ ನಡೆಯುವಷ್ಟು ವೇಗದಲ್ಲಿ ಹೋಗಿ. ಕಟ ಕಟ ಅನ್ನುವ ಒಣ ಸದ್ದು ಸ್ಟೆಬಿಲೈಸರ್ ಲಿಂಕ್ ಅಥವಾ ಬಾಲ್ ಜಾಯಿಂಟ್‌ನದು, ಮೆತ್ತಗೆ ಧಡ್ ಅಂದರೆ ಬುಷ್. ಲಿಂಕು ಬುಷ್ಷುಗಳಿಗೆ ಹೆದರಬೇಕಿಲ್ಲ, ಹಳೆಯ ಕಾರಿನಲ್ಲಿ ಸವೆಯುವ ಸಾಮಾನೇ ಅವು. ಬೆಲೆ ಮಾತಾಡುವಾಗ ನೆನಪಿಟ್ಟುಕೊಂಡರೆ ಸಾಕು. ಬಾಲ್ ಜಾಯಿಂಟ್ ಆದರೆ ತಡಮಾಡದೆ ಹಾಕಿಸಬೇಕು, ಅದು ಕಳಚಿದರೆ ಚಕ್ರವೇ ಮಡಚಿಕೊಳ್ಳುತ್ತದೆ.

ಕ್ಲಚ್ ನೋಡಲು ಸಮತಟ್ಟಾದ ರಸ್ತೆಯಲ್ಲಿ ಮೇಲಿನ ಗೇರಿಗೆ ಹಾಕಿ, ಕಡಿಮೆ ವೇಗದಲ್ಲಿ ಆಕ್ಸಿಲರೇಟರ್ ಒತ್ತಿ. ಎಂಜಿನ್ ಕೂಗು ಏರಿ ಕಾರಿನ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಬ್ರೇಕ್ ಒತ್ತಿದಾಗ ಪೆಡಲ್ ಕಾಲಿಗೆ ಮಿಡಿದರೆ ಡಿಸ್ಕ್ ಸಮನಾಗಿಲ್ಲ. ಒಂದು ಬದಿಗೆ ಎಳೆದರೆ ಕ್ಯಾಲಿಪರ್ ಹಿಡಿದಿದೆ. ಪೆಡಲನ್ನು ಒತ್ತಿ ಹಿಡಿದಾಗ ಅದು ನಿಧಾನವಾಗಿ ಕೆಳಗೆ ಇಳಿಯುತ್ತಾ ಹೋದರೆ ಮಾಸ್ಟರ್ ಸಿಲಿಂಡರ್ ಹೋಗಿದೆ, ಆ ಕಾರನ್ನು ಓಡಿಸಿಕೊಂಡು ಮನೆಗೆ ತರಬೇಡಿ. ವೇಗ ಏರಿದಂತೆ ಏರುವ ಗುಂಯ್ ಸದ್ದು ವೀಲ್ ಬೇರಿಂಗಿನದು. ತಿರುವಿನಲ್ಲಿ ಆ ಸದ್ದು ಬದಲಾದರೆ ಖಾತ್ರಿ.

ವಾಪಸ್ ಬಂದ ಮೇಲೆ ಎಂಜಿನ್ ಆಫ್ ಮಾಡಬೇಡಿ. ಐಡ್ಲಿಂಗ್‌ನಲ್ಲಿ ಬಿಡಿ. ರೇಡಿಯೇಟರ್ ಫ್ಯಾನ್ ತಾನಾಗಿ ಹಾಕಿಕೊಂಡು ತಾನಾಗಿ ನಿಲ್ಲುವ ತನಕ ಕಾಯಿರಿ. ಟೆಂಪರೇಚರ್ ಮುಳ್ಳು ನಡುವಿನಲ್ಲೇ ನಿಲ್ಲಬೇಕು. ಇಷ್ಟು ಹೊತ್ತು ಕಾಯಲು ಎಷ್ಟೋ ಜನರಿಗೆ ಬೇಸರ. ಕಾಯದಿದ್ದರೆ ಟ್ರಾಫಿಕ್‌ನಲ್ಲಿ ಬಿಸಿಯಾಗುವ ಗಾಡಿ ಯಾವುದು ಅಂತ ತಿಳಿಯುವುದೇ ಇಲ್ಲ.

ಕಾರ್ಬ್ಯುರೇಟರ್ ಬದಲು ಇಂಜೆಕ್ಷನ್ ಇರುವ ಕಾರಾದರೆ, ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷಗಳನ್ನು ಓದುವ ಒಂದು ಸಣ್ಣ ಒಬಿಡಿ ಸ್ಕ್ಯಾನರ್ ಜೊತೆಗೆ ಒಯ್ಯಿರಿ. ಸ್ಟೀರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ. ಅಮೆರಿಕದ ಕಾರುಗಳಲ್ಲಿ 1996ರಿಂದ, ಯುರೋಪಿನ ಪೆಟ್ರೋಲ್ ಕಾರುಗಳಲ್ಲಿ 2001ರಿಂದ ಅದು ಕಡ್ಡಾಯ. ಎಲ್ಲರೂ ಎರರ್ ಕೋಡ್ ಇದೆಯಾ ಅಂತ ಮಾತ್ರ ನೋಡುತ್ತಾರೆ. ಅದಕ್ಕಿಂತ ಮುಖ್ಯವಾದದ್ದು ರೆಡಿನೆಸ್ ಮಾನಿಟರ್‌ಗಳು, ಅಂದರೆ ಕಾರಿನ ಕಂಪ್ಯೂಟರ್ ತಾನೇ ಮಾಡಿಕೊಳ್ಳುವ ಪರೀಕ್ಷೆಗಳು ಮುಗಿದಿವೆಯೇ ಎನ್ನುವ ದಾಖಲೆ. ಕೋಡ್‌ಗಳನ್ನು ಅಳಿಸಿದರೆ ಇವೂ ಅಳಿಸಿಹೋಗುತ್ತವೆ. ಮತ್ತೆ ಪೂರ್ತಿಯಾಗಲು ಗಾಡಿ ಹಲವು ಸಲ ಬಿಸಿಯಾಗಿ, ತಣ್ಣಗಾಗಿ, ಬೇರೆ ಬೇರೆ ವೇಗದಲ್ಲಿ ಓಡಬೇಕು. ಕೋಡ್ ಒಂದೂ ಇಲ್ಲ, ಆದರೆ ಮಾನಿಟರ್‌ಗಳು ಪೂರ್ತಿಯಾಗಿಲ್ಲ ಅಂತ ಬಂದರೆ ಬ್ಯಾಟರಿ ಬಿಚ್ಚಿದ್ದೀರಾ ಎಂದು ಮೊದಲು ಕೇಳಿ. ಇಲ್ಲ ಅಂದರೆ ಮೊನ್ನೆ ತಾನೇ ಯಾರೋ ಕೋಡ್ ಅಳಿಸಿದ್ದಾರೆ.

ಬಾಡಿ, ಬೆಲ್ಟು, ನಂಬರು

ಇದನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ಹಗಲು ಬೆಳಕಿನಲ್ಲಿ ತಾಳ್ಮೆಯಿಂದ ನೋಡಿದರೆ ಯಾರಿಗಾದರೂ ಗೊತ್ತಾಗುತ್ತದೆ. ಬಾಗಿಲು, ಬಾನೆಟ್, ಡಿಕ್ಕಿಗಳ ಸಂದು ಎರಡೂ ಬದಿಯಲ್ಲಿ ಸಮನಾಗಿರಬೇಕು. ಬಾನೆಟ್ಟಿನ ಕೀಲಿನ ಬೋಲ್ಟ್‌ಗಳ ಬಣ್ಣ ಎದ್ದಿದ್ದರೆ ಅದನ್ನು ಬಿಚ್ಚಿ ಹಾಕಿದ್ದಾರೆ. ಕಿಟಕಿಯ ರಬ್ಬರ್ ಮೇಲೆ ಬಣ್ಣದ ಹುಡಿ ಕಂಡರೆ ಫ್ಯಾಕ್ಟರಿಯಿಂದ ಬಂದ ಮೇಲೆ ಮತ್ತೆ ಪೇಂಟ್ ಆಗಿದೆ. ಡಿಕ್ಕಿಯ ಮ್ಯಾಟ್ ಎತ್ತಿ ಸ್ಟೆಪ್ನಿ ಇಡುವ ಗುಂಡಿ ನೋಡಿ. ತಗಡು ಸುಕ್ಕುಗಟ್ಟಿದ್ದರೆ ಹಿಂದಿನಿಂದ ಪೆಟ್ಟು ತಿಂದಿದೆ. ಮೇಲ್ಛಾವಣಿ ತೆಗೆಯುವ ಕಾರುಗಳಲ್ಲಿ ನೀರು ಹರಿದುಹೋಗುವ ರಂಧ್ರ ಕಟ್ಟಿಕೊಂಡರೆ ನೀರು ಬಾಗಿಲ ಕೆಳಗಿನ ಸಿಲ್‌ನೊಳಗೆ ನಿಂತು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಹಿಂದಿನ ಚಕ್ರದ ಮುಂಭಾಗದಲ್ಲಿ ಬೆರಳಿನಿಂದ ಒತ್ತಿ ನೋಡಿ.

ಒಂದನ್ನು ಮಾತ್ರ ಬಿಡಬೇಡಿ. ಎಲ್ಲ ಸೀಟ್ ಬೆಲ್ಟ್‌ಗಳನ್ನೂ ಕೊನೆಯ ತನಕ ಎಳೆಯಿರಿ. ಬುಡದಲ್ಲಿ ತಯಾರಿಕೆಯ ವರ್ಷದ ಚೀಟಿ ಹೊಲಿದಿರುತ್ತದೆ. ಕಾರಿನ ವರ್ಷಕ್ಕಿಂತ ಬೆಲ್ಟ್ ಹೊಸದಾಗಿದ್ದರೆ ಬದಲಿಸಿದ್ದಾರೆ. ಯಾಕೆ ಅಂತ ಕೇಳಿ. ಬೆಲ್ಟಿನ ಪಟ್ಟಿ ಅಲೆಅಲೆಯಾಗಿದ್ದರೆ, ಕೊಂಡಿಯ ಹತ್ತಿರ ಕರಗಿದ ಗುರುತಿದ್ದರೆ ಅದು ಒಂದು ದೊಡ್ಡ ಅಪಘಾತದಲ್ಲಿ ಒಬ್ಬ ಮನುಷ್ಯನನ್ನು ಹಿಡಿದು ನಿಲ್ಲಿಸಿದೆ. ಮೂರು ಕಡೆ ಹಿಡಿಯುವ ಈ ಬೆಲ್ಟನ್ನು ವೋಲ್ವೋದ ನಿಲ್ಸ್ ಬೋಲಿನ್ ರೂಪಿಸಿದ್ದು. 1959ರಲ್ಲಿ ಅದು ಕಾರುಗಳಿಗೆ ಬಂತು, ಪೇಟೆಂಟನ್ನು ಬೇರೆ ಕಂಪನಿಗಳೂ ಬಳಸಲಿ ಎಂದು ಬಿಟ್ಟುಕೊಟ್ಟರು. ಕಾರಿನ ಚರಿತ್ರೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಸಂಗತಿ ಇದು. ಯಾವ ಎಂಜಿನ್ನೂ ಅಲ್ಲ.

ಈಚಿನ ಕಾರುಗಳ ಚಾಸಿಸ್ ನಂಬರು 17 ಅಕ್ಷರ ಅಂಕಿಗಳದ್ದು. ಇಂಗ್ಲಿಷಿನ ಐ, ಓ, ಕ್ಯೂ ಅದರಲ್ಲಿ ಬರುವುದಿಲ್ಲ, ಒಂದು ಮತ್ತು ಸೊನ್ನೆಯ ಜೊತೆ ಗೊಂದಲ ಆಗಬಾರದು ಅಂತ. ತಗಡಿನ ಮೇಲೆ ಕೊರೆದದ್ದು, ಫಲಕದಲ್ಲಿರುವುದು, ದಾಖಲೆಯಲ್ಲಿರುವುದು ಮೂರೂ ಒಂದೇ ಇರಬೇಕು. ಅಕ್ಷರಗಳ ಸುತ್ತ ಉಜ್ಜಿದ ಗುರುತಿದ್ದರೆ ಮುಂದೆ ಮಾತೇ ಬೇಡ.

ಟೈರು

ಕಾರಿನ ಬಗ್ಗೆ ಒಂದೇ ಒಂದು ವಿಷಯ ಮಾತಾಡಲು ಬಿಟ್ಟರೆ ನಾನು ಟೈರಿನ ಬಗ್ಗೆ ಮಾತಾಡುತ್ತೇನೆ. ಎಂಜಿನ್ ಎಷ್ಟೇ ಜೋರಾಗಿರಲಿ, ಬ್ರೇಕ್ ಎಷ್ಟೇ ಚೆನ್ನಾಗಿರಲಿ, ನೆಲ ಮುಟ್ಟುವುದು ನಾಲ್ಕು ಅಂಗೈ ಅಗಲದ ರಬ್ಬರ್ ಮಾತ್ರ. ಎಮ್‌ಎಕ್ಸ್-5 ಬಂದಾಗ ಅದರಲ್ಲಿ ಮೇಲಿನ ಗೀರುಗಳು ಆಳವಾಗಿದ್ದರೂ ವಯಸ್ಸಾಗಿ ಗಟ್ಟಿಯಾದ ಟೈರುಗಳಿದ್ದವು. ಮಳೆಯಲ್ಲಿ ತಿರುವಿನಿಂದ ಹೊರಬರುವಾಗ ಹಿಂಭಾಗ ಸರ್ರನೆ ಜಾರಲು ನೋಡುತ್ತಿತ್ತು. ಒಳ್ಳೆಯ ಹೊಸ ಟೈರು ಹಾಕಿಸಿ ಅಲೈನ್‌ಮೆಂಟ್ ಮಾಡಿಸಿದೆ. ಅದೇ ರಸ್ತೆ, ಅದೇ ಮಳೆ. ಸ್ಟೀರಿಂಗ್ ಮೂಲಕ ರಸ್ತೆಯ ಒದ್ದೆ ಎಲ್ಲಿದೆ, ಒಣಗಿರುವುದು ಎಲ್ಲಿ ಅಂತ ಕೈಗೆ ತಿಳಿಯುತ್ತಿತ್ತು. ಆ ಕಾರಿನಲ್ಲಿ ನಾನು ಮಾಡಿಸಿದ ಬೇರೆ ಯಾವ ಕೆಲಸವೂ ಇಷ್ಟು ಬದಲಾವಣೆ ತರಲಿಲ್ಲ.

ಟೈರಿನ ವಯಸ್ಸು ಅದರ ಮೇಲೆಯೇ ಬರೆದಿರುತ್ತದೆ. ಪಕ್ಕದಲ್ಲಿ ಡಾಟ್ (DOT) ಅಂತ ಶುರುವಾಗುವ ಸಂಕೇತದ ಕೊನೆಯಲ್ಲಿ ನಾಲ್ಕು ಅಂಕಿ ಹುಡುಕಿ. 3522 ಅಂದರೆ 2022ರ 35ನೇ ವಾರ. ಕೆಲವು ಸಲ ಇದು ಟೈರಿನ ಒಳಬದಿಗೆ ಇರುತ್ತದೆ, ಬಗ್ಗಿ ನೋಡಬೇಕು. ಟೈರಿನ ಗೀರುಗಳ ತಳದಲ್ಲಿ ಅಡ್ಡಕ್ಕೆ ಸಣ್ಣ ಉಬ್ಬುಗಳಿವೆ, ಅವು 1.6 ಮಿಲಿಮೀಟರ್ ಎತ್ತರ. ರಬ್ಬರ್ ಅಲ್ಲಿಯ ತನಕ ಸವೆದರೆ ಟೈರು ಮುಗಿಯಿತು. ನಾನು 3 ಮಿಲಿಮೀಟರಿಗೇ ಬದಲಿಸುತ್ತೇನೆ, ಮಳೆ ನೀರು ಹೊರಗೆ ತಳ್ಳಲು ಅಷ್ಟಾದರೂ ಆಳ ಬೇಕು. ಪಕ್ಕದಲ್ಲಿ ಬಿರುಕು ಬಿಟ್ಟಿದ್ದರೆ ಆಳ ಎಷ್ಟಿದ್ದರೂ ಬೇಡ.

ಟೈರು ಹೇಗೆ ಸವೆದಿದೆ ಎಂದು ನೋಡಿದರೆ ಗಾಡಿಯ ಕಥೆ ಗೊತ್ತಾಗುತ್ತದೆ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಿದ್ದಾರೆ. ನಡುಭಾಗ ಸವೆದಿದ್ದರೆ ಗಾಳಿ ಜಾಸ್ತಿ. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ ಅಥವಾ ಸಸ್ಪೆನ್ಷನ್ನಿನ ಏನೋ ಬಾಗಿದೆ. ಅಲ್ಲಲ್ಲಿ ತಗ್ಗುತಗ್ಗಾಗಿ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಹೋಗಿದೆ. ಎರಡೇ ಹೊಸ ಟೈರು ಹಾಕಿಸುವ ಪರಿಸ್ಥಿತಿ ಬಂದರೆ ಅವನ್ನು ಹಿಂದಕ್ಕೆ ಹಾಕಿಸಿ, ಮುಂದಿನ ಚಕ್ರ ಎಳೆಯುವ ಕಾರಾದರೂ ಸರಿ. ಮುಂದಿನದು ಜಾರಿದರೆ ಕಾರು ನೇರಕ್ಕೆ ಹೋಗಲು ನೋಡುತ್ತದೆ, ಆಕ್ಸಿಲರೇಟರ್ ಬಿಟ್ಟು ಸಂಭಾಳಿಸಬಹುದು. ಹಿಂದಿನದು ಜಾರಿದರೆ ಕಾರೇ ತಿರುಗಿಬಿಡುತ್ತದೆ.

ಯಾರಿಗೆ ಯಾವುದು

ಇಲ್ಲಿ ನನ್ನ ಅಭಿಪ್ರಾಯ ಮಾತ್ರ. ದಿನಾ ಕಡಿಮೆ ದೂರ ಓಡಿಸುವವರು ಪಾರ್ಟಿಕುಲೇಟ್ ಫಿಲ್ಟರ್ ಇರುವ ಡೀಸೆಲ್ ಕೊಳ್ಳಬೇಡಿ. ಆ ಫಿಲ್ಟರಿನಲ್ಲಿ ಸಿಕ್ಕಿಕೊಂಡ ಮಸಿ ಉರಿದು ಹೋಗಲು ಸುಮಾರು 600 ಡಿಗ್ರಿ ಬಿಸಿ ಬೇಕು. ಸಣ್ಣ ಸಣ್ಣ ಓಡಾಟದಲ್ಲಿ ಆ ಕೆಲಸ ಅರ್ಧಕ್ಕೇ ನಿಂತು ಫಿಲ್ಟರ್ ಕಟ್ಟಿಕೊಳ್ಳುತ್ತದೆ. ದೂರದ ದಾರಿಗೆ ಮಾತ್ರ ಡೀಸೆಲ್ ಬಹಳ ಒಳ್ಳೆಯ ಸಂಗಾತಿ. ನನ್ನ ಸೆಡಾನ್ ಐದು ಜನ, ಡಿಕ್ಕಿ ತುಂಬ ಸಾಮಾನು ಹೊತ್ತು ಬೆಟ್ಟದ ದಾರಿಯನ್ನು ಮೂರನೇ ಗೇರಿನಲ್ಲಿ ಆರಾಮಾಗಿ ಏರುತ್ತಿತ್ತು. 2,000 ಆರ್‌ಪಿಎಮ್‌ನಲ್ಲೇ ಬೇಕಾದಷ್ಟು ಟಾರ್ಕ್. ಇಳಿದಾಗ ಯಾರಿಗೂ ಸುಸ್ತಾಗಿರುತ್ತಿರಲಿಲ್ಲ.

ಕಾರ್ಬ್ಯುರೇಟರ್ ಕಾರನ್ನು ಇಷ್ಟವಿದ್ದರೆ ಮಾತ್ರ ತನ್ನಿ, ಉಳಿತಾಯಕ್ಕೆ ಅಂತ ತರಬೇಡಿ. ನನ್ನ ಹ್ಯಾಚ್‌ಬ್ಯಾಕ್‌ನಲ್ಲಿ ಬೆಳಿಗ್ಗೆ ಚೋಕ್ ಎಳೆದು, ಎಂಜಿನ್ ಬಿಸಿಯಾದಂತೆ ಸ್ವಲ್ಪ ಸ್ವಲ್ಪವೇ ಒಳಗೆ ಒತ್ತಬೇಕಿತ್ತು. ಅದನ್ನು ಮಾಡುವುದು ನನಗೆ ಖುಷಿ. ಕಚೇರಿಗೆ ಹೊತ್ತಾದವರಿಗೆ ಅದು ತಲೆನೋವು.

ಹಗುರ ಕಾರು ನನಗೆ ಯಾವಾಗಲೂ ಇಷ್ಟ. 1989ರಲ್ಲಿ ಬಂದ ಮೊದಲ ತಲೆಮಾರಿನ ಎಮ್‌ಎಕ್ಸ್-5 ತೂಕ 1,000 ಕಿಲೋ ಆಸುಪಾಸು. ಹಗುರ ಗಾಡಿಗೆ ದೊಡ್ಡ ಎಂಜಿನ್ ಬೇಡ, ದೊಡ್ಡ ಬ್ರೇಕ್ ಬೇಡ, ಅಗಲ ಟೈರು ಬೇಡ. ಕಡಿಮೆ ವೇಗದಲ್ಲೇ ಓಡಿಸುವ ಸುಖ ಸಿಗುತ್ತದೆ. ಹಾಗಂತ ಮನೆಮಂದಿ ಕೂರುವ ಕಾರಿನಲ್ಲಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್, ಕಾರು ಜಾರಿ ತಿರುಗದಂತೆ ಹಿಡಿಯುವ ಸ್ಟೆಬಿಲಿಟಿ ಕಂಟ್ರೋಲ್ ಇವೆರಡರಲ್ಲಿ ಒಂದು ಇಲ್ಲದಿದ್ದರೂ ನಾನು ಒಪ್ಪುವುದಿಲ್ಲ. ಬಾಷ್ ಕಂಪನಿಯ ಎಬಿಎಸ್ 1978ರಲ್ಲಿ, ಸ್ಟೆಬಿಲಿಟಿ ಕಂಟ್ರೋಲ್ 1995ರಲ್ಲಿ ಮರ್ಸಿಡಿಸ್‌ನ ದೊಡ್ಡ ಕಾರುಗಳಲ್ಲಿ ಶುರುವಾದವು. ಈಗ ಸಣ್ಣ ಹಳೆಯ ಕಾರುಗಳಲ್ಲೂ ಸಿಗುತ್ತವೆ. ಸನ್‌ರೂಫ್ ಬಿಟ್ಟು ಇದನ್ನು ಹುಡುಕಿ.

ಎಲೆಕ್ಟ್ರಿಕ್ ಆದರೆ ಸ್ಟಾರ್ಟ್ ಮಾಡಿ ಕೇಳುವುದಕ್ಕೆ ಏನೂ ಇಲ್ಲ. ಅಲ್ಲಿ ಬ್ಯಾಟರಿಯೇ ಕಾರು. ಅದರ ಆರೋಗ್ಯ ಶೇಕಡಾ ಎಷ್ಟು ಉಳಿದಿದೆ ಅನ್ನುವ ವರದಿ ಕೇಳಿ. ಚಾರ್ಜ್ ಕಡಿಮೆ ಇರುವಾಗಲೇ ನೋಡಲು ಹೋಗಿ, ಒಂದು ಫಾಸ್ಟ್ ಚಾರ್ಜರಿಗೆ ಜೋಡಿಸಿ ಚಾರ್ಜಿಂಗ್ ಸರಿಯಾಗಿ ಏರುತ್ತದಾ ಎಂದು ಕಣ್ಣಾರೆ ನೋಡಿ. ಹಲವು ಕಂಪನಿಗಳು ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಕೊಡುತ್ತವೆ, ಅದು ಹೊಸ ಮಾಲೀಕರಿಗೂ ಮುಂದುವರಿಯುತ್ತದಾ ಎಂದು ಬರಹದಲ್ಲೇ ಓದಿ. ಮೋಟಾರೇ ವೇಗ ತಗ್ಗಿಸುವುದರಿಂದ ಬ್ರೇಕ್ ಡಿಸ್ಕ್‌ಗಳು ಕೆಲಸವಿಲ್ಲದೆ ತುಕ್ಕು ಹಿಡಿದಿರುತ್ತವೆ. ತೂಕ ಜಾಸ್ತಿ ಇರುವುದರಿಂದ ಟೈರು ಬೇಗ ಸವೆದಿರುತ್ತದೆ. ಎರಡನ್ನೂ ನೋಡಿ.

ತಂದ ಮೊದಲ ವಾರ

ಕೊಂಡ ಮೇಲೆ ಅಲಾಯ್ ವೀಲು, ಹೊಸ ಸ್ಪೀಕರು ಅಂತ ಹೊರಡಬೇಡಿ. ಮೊದಲು ಎಂಜಿನ್ ಆಯಿಲ್, ಫಿಲ್ಟರ್‌ಗಳು, ಕೂಲೆಂಟ್, ಬ್ರೇಕ್ ಆಯಿಲ್ ಎಲ್ಲ ಬದಲಿಸಿ. ಹಿಂದಿನವರು "ಹೋದ ತಿಂಗಳು ಮಾಡಿಸಿದ್ದೇನೆ" ಅಂದರೂ ಬಿಲ್ಲು ಇಲ್ಲದಿದ್ದರೆ ಮಾಡಿಸಿಯೇ ಬಿಡಿ. ಬ್ರೇಕ್ ಆಯಿಲ್‌ನ್ನು ಜನ ಮರೆಯುತ್ತಾರೆ. ಅದು ಗಾಳಿಯ ತೇವವನ್ನು ಹೀರುತ್ತಾ ಹೋಗುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ತನಕ ಕುದಿಯಬಾರದು ಅನ್ನುವುದು ನಿಯಮ. ತೇವ ಸೇರಿದ ಮೇಲೆ ಆ ಕನಿಷ್ಠ ಮಿತಿ 155ಕ್ಕೆ ಇಳಿಯುತ್ತದೆ. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಾ ಬಂದಾಗ ಒಳಗೆ ಆವಿ ಕಟ್ಟಿ ಪೆಡಲ್ ಮೆತ್ತಗಾಗುವುದು ಇದರಿಂದಲೇ. ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ಸಾಕು.

ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ ಬದಲಿಸಿದ ದಾಖಲೆ ನೋಡಿ. ದಾಖಲೆ ಇಲ್ಲ ಅಂದರೆ ಬದಲಿಸಿಲ್ಲ ಅಂತಲೇ ಲೆಕ್ಕ. ಬಹಳಷ್ಟು ಎಂಜಿನ್‌ಗಳಲ್ಲಿ ಬೆಲ್ಟ್ ತುಂಡಾದರೆ ಪಿಸ್ಟನ್ ವಾಲ್ವಿಗೆ ಬಡಿದು ಹೆಡ್ಡೇ ಹಾಳಾಗುತ್ತದೆ. ಬದಲಿಸುವಾಗ ಟೆನ್ಷನರ್ ಹಾಕಿಸಿ. ಅದೇ ಬೆಲ್ಟ್ ತಿರುಗಿಸುವುದಾದರೆ ವಾಟರ್ ಪಂಪ್ ಕೂಡ ಒಟ್ಟಿಗೇ ಹಾಕಿಸಿ, ಮತ್ತೊಮ್ಮೆ ಎಲ್ಲ ಬಿಚ್ಚುವ ಕೂಲಿ ಉಳಿಯುತ್ತದೆ. ಬ್ಯಾಟರಿಗೆ ಮಲ್ಟಿಮೀಟರ್ ಹಿಡಿಯಿರಿ. ನಿಂತಾಗ 12.6 ವೋಲ್ಟ್, ಎಂಜಿನ್ ಓಡುವಾಗ 13.8ರಿಂದ 14.5ರ ಒಳಗೆ ಬಂದರೆ ಸಾಮಾನ್ಯವಾಗಿ ಬ್ಯಾಟರಿಯೂ ಆಲ್ಟರ್ನೇಟರೂ ಸರಿ ಇವೆ.

ಒಂದು ನೋಟ್‌ಬುಕ್ ಇಡಿ. ಮೊಬೈಲಿನಲ್ಲಿ ಬೇಡ, ಕಾಗದದ್ದೇ ಇರಲಿ, ಗ್ಲೋವ್ ಬಾಕ್ಸಿನಲ್ಲಿ. ಬೀಟಲ್ ದಿನಗಳಿಂದ ನನಗಿರುವ ರೂಢಿ ಇದು. ಅದರಲ್ಲಿ ಸುಮಾರು 5,000 ಕಿಲೋಮೀಟರಿಗೊಮ್ಮೆ ಎರಡೂವರೆ ಲೀಟರ್ ಆಯಿಲ್ ಬದಲಿಸಿ, ವಾಲ್ವ್ ಸಂದನ್ನು 0.15 ಮಿಲಿಮೀಟರಿಗೆ ಹೊಂದಿಸಬೇಕಿತ್ತು. ಯಾವ ಸಿಲಿಂಡರಿನ ಸಂದು ಎಷ್ಟು ಬದಲಾಗಿತ್ತು ಎಂದು ಬರೆದಿಟ್ಟರೆ ಯಾವ ವಾಲ್ವ್ ಹಿಗ್ಗುತ್ತಿದೆ ಎಂದು ಮುಂಚೆಯೇ ತಿಳಿಯುತ್ತಿತ್ತು. ಈಗಿನ ಕಾರಿಗೆ ಅಷ್ಟೆಲ್ಲ ಬೇಡ. ತಾರೀಕು, ಕಿಲೋಮೀಟರ್, ಏನು ಹಾಕಿಸಿದಿರಿ, ಯಾವ ಗ್ರೇಡ್ ಆಯಿಲ್, ಟೈರಿನ ನಾಲ್ಕು ಅಂಕಿ, ಬ್ಯಾಟರಿ ಹಾಕಿಸಿದ ತಿಂಗಳು, ಇಷ್ಟು ಸಾಕು. ಬಿಲ್ಲುಗಳನ್ನು ಅದೇ ಪುಸ್ತಕಕ್ಕೆ ಪಿನ್ ಮಾಡಿ. ಮಾರುವ ದಿನ ಕೀ ಜೊತೆ ಆ ಪುಸ್ತಕವನ್ನೂ ಕೊಟ್ಟುಬಿಡಿ.